ಸೈಲೆನ್ಸರ್ ಬದಲಿಸಿದ್ರ ಪವರ್ ಬರ್ತೈತಾ? ಮೈಸೂರು ಜಾವಾದಿಂದ ಬಿಎಸ್6 ತನಕ ಒಂದು ಪೈಪಿನ ಇತಿಹಾಸ

ಭಾಗ 1

ಸಾಲಾಗಿ ಮಲಗಿಸಿದ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹಾಯೋ ವಿಡಿಯೊ ಎಲ್ಲಾರೂ ನೋಡೀರಿ. ರಾಜ್ಯದ ಯಾವುದರ ಒಂದು ಊರಿನ ಪೊಲೀಸರು ಆಗಾಗ ಈ ಕೆಲಸ ಮಾಡ್ತಾನ ಇರ್ತಾರ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಹೊಳಿಯೋ ಪೈಪು ಒಂದೊಂದಾಗಿ ಚಪಾತಿ ಆಗ್ತಾವ. ಕೆಳಗ ಕಾಮೆಂಟ್ ಓದ್ರಿ: ಅರ್ಧ ಮಂದಿ ನಗ್ತಿರ್ತಾರ, ಇನ್ನರ್ಧ ಮಂದಿ ಸಿಟ್ಟಿಗೆದ್ದಿರ್ತಾರ. ಸಿಟ್ಟಿಗೆದ್ದವರ ವಾದ ಒಂದೇ. "ನಾವು ಸಪ್ಪಳಕ್ಕ ಹಾಕ್ಸಿಲ್ಲ. ಕಂಪನಿ ಸೈಲೆನ್ಸರ್ ಎಂಜಿನ್ನಿನ ಉಸಿರು ಹಿಡೀತೈತಿ. ಫ್ರೀ ಫ್ಲೋ ಹಾಕಿದ್ರ ಪವರ್ ಬರ್ತೈತಿ, ಬಿಸಿ ಕಡಿಮಿ ಆಗ್ತೈತಿ."

ನಮ್ಮ ಕಡೆ ಮಳೆಗಾಲ ಶುರುವಾದ್ರ ಸಾಕು, ಕಬ್ಬೂರ, ಚಿಕ್ಕೋಡಿಯಿಂದ ಹುಡುಗರ ಗುಂಪು ಸಂಕೇಶ್ವರ, ಗಡಹಿಂಗ್ಲಜ, ಆಜರಾ ದಾಟಿ ಅಂಬೋಲಿ ಘಾಟಿಗೆ ಹೊಂಡತಾವ. ಬೇಸಗಿಯೊಳಗ ಅದೇ ಗಾಡಿ ನಿಪ್ಪಾಣಿ ಹತ್ರ ಹೈವೇ ಹಿಡಿದು ಕೊಲ್ಲಾಪುರಕ್ಕ ಹೋಗಿ ಬರೂದ್ರೊಳಗ ಬಲಗಾಲು ಸುಟ್ಟಂಗಾಗಿರ್ತೈತಿ. ಹಿಂಗಾಗಿ ಪ್ರಶ್ನೆ ಸುಳ್ಳಲ್ಲ. ಲಾಂಗ್ ಟೂರಿಗೆ ಹೋಗೋ ಗಾಡಿಗೆ ಪೈಪು ಬದಲಿಸಿದರೆ ನಿಜವಾಗಿ ಏನಾಗುತ್ತೆ?

ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಬರೆಯಬಹುದಿತ್ತು. ಆದರೆ "ಪೈಪು ಬದಲಿಸಿದರೆ ಪವರ್" ಅನ್ನೋ ನಂಬಿಕೆ ಗ್ಯಾರೇಜಿನಲ್ಲಿ ಗಾಳಿಯಿಂದ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ, ಒಂದು ಜಾತಿಯ ಎಂಜಿನ್‌ಗೆ ಅದು ನೂರಕ್ಕೆ ನೂರು ನಿಜವಾಗಿತ್ತು. ಆ ಕಾಲ ಮುಗಿದಮೇಲೂ ಮಾತು ಮಾತ್ರ ಉಳಕೊಂಡಿತು. ಆ ಕಾಲ ಯಾವುದು ಅಂತ ತಿಳಿಯಬೇಕಂದ್ರ ಮೈಸೂರಿಗೆ ಹೋಗಬೇಕು, ಅಲ್ಲಿಂದ ಜರ್ಮನಿಗೆ, ಆಮೇಲೆ ಜಪಾನಿಗೆ. ಬರ್ರಿ.

ಭಾಗ 2

1950ರ ದಶಕದಲ್ಲಿ ಮುಂಬೈಯ ಇರಾನಿ ಕುಟುಂಬದವರು ಜೆಕೊಸ್ಲೊವಾಕಿಯಾದಿಂದ ಜಾವಾ ಮೋಟರ್‌ಸೈಕಲ್ ತರಿಸಿ ಮಾರುತ್ತಿದ್ದರು. ಆಮದಿನ ಮೇಲೆ ಸರ್ಕಾರ ಬಿಗಿ ಮಾಡಿದಾಗ, ಇಲ್ಲೇ ತಯಾರಿಸೋಣ ಎಂದು ಹೊರಟರು. ಹಾಗೆ ಹುಟ್ಟಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ಮಹಾರಾಜರಾಗಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲವೂ ಇತ್ತು. 1961ರಲ್ಲಿ ಗಾಡಿಗಳು ಹೊರಬರತೊಡಗಿದವು.

ಜಾವಾ ಅಂದ್ರ ಇಂಡೊನೇಷ್ಯಾದ ದ್ವೀಪ ಅಲ್ಲ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿನ್ಯಾಸ ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿದ್ದೇ ಜಾವಾ. ಅವರ ಬಾಯಲ್ಲಿ ಅದು "ಯಾವಾ".

ಮೈಸೂರಿನ ಆ 250 ಸಿಸಿ ಗಾಡಿಯನ್ನು ಎಲ್ಲಾದರೂ ಕಂಡರೆ ಎರಡು ಸಂಗತಿ ಗಮನಿಸಿ. ಒಂದು, ಕಿಕ್ ಹೊಡೆಯುವ ಕಡ್ಡಿಯೇ ಮುಂದಕ್ಕೆ ಮಡಚಿದರೆ ಗೇರ್ ಕಡ್ಡಿ ಆಗುತ್ತದೆ. ಎರಡು, ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು! ಎಡಕ್ಕೊಂದು, ಬಲಕ್ಕೊಂದು, ಉದ್ದನೆಯ ಕ್ರೋಮ್ ಪೈಪು.

ನೋಡೋರಿಗೆ ಇದು ಶೋಕಿ ಅನ್ನಿಸುತ್ತೆ. ಶೋಕಿ ಅಲ್ಲ. ಜಾವಾ ಟು-ಸ್ಟ್ರೋಕ್ ಗಾಡಿ. ಅದರ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಗೇ ಕಿಟಕಿ ಕೊರೆದಿರುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಅದೇ ಕಿಟಕಿಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಹೊಗೆ ಬೇಗ ಹೊರಗೆ ಹೋಗಬೇಕಾದರೆ ಕಿಟಕಿ ದೊಡ್ಡದಿರಬೇಕು. ಒಂದೇ ಕಿಟಕಿಯನ್ನು ಬಹಳ ಅಗಲ ಮಾಡಿದರೆ ಪಿಸ್ಟನ್ ರಿಂಗ್ ಅದರೊಳಗೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಪರಿಹಾರ? ಎರಡು ಕಿಟಕಿ, ನಡುವೆ ಗೋಡೆ. ಎರಡು ಕಿಟಕಿಗೆ ಎರಡು ಬೆಂಡ್ ಪೈಪು, ಎರಡು ಸೈಲೆನ್ಸರ್.

ಅಂದರೆ ಮೊದಲ ಪಾಠ ಇಲ್ಲೇ ಇದೆ: ಸೈಲೆನ್ಸರ್ ಎಂಬುದು ಹಿಂದೆ ಜೋತುಬಿದ್ದ ಡಬ್ಬಿಯಲ್ಲ, ಎಂಜಿನ್ನಿನದೇ ಮುಂದುವರಿದ ಭಾಗ. ಜಾವಾ 250ರ ಶಕ್ತಿ ಸುಮಾರು 12 ಎಚ್‌ಪಿ. ಈ ಅಂಕಿ ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗುತ್ತೆ.

ಭಾಗ 3

ಇವತ್ತು ಸ್ವಲ್ಪ ಫಿಸಿಕ್ಸ್. ಓಡಿ ಹೋಗಬ್ಯಾಡ್ರಿ, ಪಿಯುಸಿಯ "ಅಲೆಗಳು" ಪಾಠಕ್ಕಿಂತ ಇದು ಸಲೀಸ.

ಟು-ಸ್ಟ್ರೋಕ್‌ನ ಒಂದು ದೊಡ್ಡ ರೋಗ ಏನಂದರೆ, ಹೊಗೆ ಹೋಗುವ ಕಿಟಕಿಯೂ ಹೊಸ ಪೆಟ್ರೋಲ್-ಗಾಳಿ ಬರುವ ಕಿಟಕಿಯೂ ಒಂದೇ ಹೊತ್ತಿಗೆ ತೆರೆದಿರುತ್ತವೆ. ಹಳೇ ಹೊಗೆಯನ್ನು ಹೊಸ ಮಿಶ್ರಣ ತಳ್ಳಿ ಹೊರಹಾಕಬೇಕು. ತಳ್ಳುವ ಭರಕ್ಕೆ ಹೊಸ ಮಿಶ್ರಣವೂ ಒಂದಿಷ್ಟು ಹೊಗೆಯ ಹಿಂದೆಯೇ ಓಡಿಹೋಗುತ್ತದೆ. ಸುಡದ ಪೆಟ್ರೋಲ್ ನೇರ ಸೈಲೆನ್ಸರ್‌ಗೆ. ಹಳೇ ಟು-ಸ್ಟ್ರೋಕ್ ಮುಂದೆ ಹೋದರೆ ಹಿಂದಿನವನಿಗೆ ಪೆಟ್ರೋಲ್ ವಾಸನೆ ಬರೋದು ಅದಕ್ಕ.

ಈಗ ಅಲೆ. ಕಿಟಕಿ ತೆರೆದ ಕೂಡಲೇ ಒತ್ತಡದ ಒಂದು ಪೆಟ್ಟು ಪೈಪಿನಲ್ಲಿ ಓಡುತ್ತದೆ. ಪೈಪು ಅಗಲವಾಗುತ್ತಾ ಹೋದರೆ ಆ ಪೆಟ್ಟಿನ ಒಂದು ಭಾಗ ತಿರುಗಿ ಬರುತ್ತದೆ, ಆದರೆ ಉಲ್ಟಾ ಆಗಿ, ಅಂದರೆ ಎಳೆತವಾಗಿ. ಅದು ಸಿಲಿಂಡರಿನಿಂದ ಹೊಗೆಯನ್ನು ಜಗ್ಗುತ್ತದೆ. ಪೈಪು ಮತ್ತೆ ಕಿರಿದಾಗುತ್ತಾ ಹೋದರೆ ಪೆಟ್ಟು ಪೆಟ್ಟಾಗಿಯೇ ತಿರುಗಿ ಬರುತ್ತದೆ. ಅದು ಓಡಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಕಿವಿ ಹಿಡಿದು ವಾಪಸ್ ಸಿಲಿಂಡರಿಗೆ ನೂಕುತ್ತದೆ, ಸರಿಯಾಗಿ ಕಿಟಕಿ ಮುಚ್ಚುವ ಮುಂಚೆ. ಮೊದಲು ಅಗಲ, ಆಮೇಲೆ ಕಿರಿದು: ಹೊಟ್ಟೆ ಉಬ್ಬಿದ ಮೀನಿನ ಹಾಗೆ ಕಾಣುವ ಆ ಪೈಪಿಗೆ ಎಕ್ಸ್‌ಪ್ಯಾನ್ಶನ್ ಚೇಂಬರ್ ಅನ್ನುತ್ತಾರೆ.

"ಸರಿಯಾಗಿ ಮುಚ್ಚುವ ಮುಂಚೆ" ಅಂದೆನಲ್ಲ, ಆಟ ಇರೋದು ಅಲ್ಲೇ. ಲೆಕ್ಕ ಹಾಕೋಣ. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು. ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಹೊಗೆಯ ಕಿಟಕಿ ತೆರೆದಿರುವುದು ಅದರಲ್ಲಿ ಸುಮಾರು ಅರ್ಧ, ಅಂದರೆ 5 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. 5 ಮಿಲಿಸೆಕೆಂಡಿನಲ್ಲಿ ಅದು ಓಡುವುದು ಎರಡೂವರೆ ಮೀಟರ್. ಹೋಗಿ, ತಿರುಗಿ, ಬರಬೇಕು. ಹಾಗಾಗಿ ಪೈಪಿನ ಆ ಗೋಡೆ ಎಂಜಿನ್ನಿನಿಂದ ಒಂದೂಕಾಲು ಮೀಟರ್ ಒಳಗೇ ಇರಬೇಕು. 12000 ಆರ್‌ಪಿಎಂ ರೇಸ್ ಗಾಡಿಯಾದರೆ ಅದರ ಅರ್ಧ.

ಹಂಗಂದ್ರ, ಪೈಪಿನ ಉದ್ದ ಯಾವ ಆರ್‌ಪಿಎಂಗೆ ಹೊಂದುತ್ತದೋ ಅಲ್ಲಿ ಮಾತ್ರ ಪವರ್. ಅದರ ಕೆಳಗೆ ಗಾಡಿ ಮಬ್ಬು. ಕೈಗೆ ಬಂದ ಪೈಪನ್ನು ಕೈಗೆ ಬಂದಷ್ಟು ಕತ್ತರಿಸಿ ವೆಲ್ಡ್ ಮಾಡಿದರೆ ಏನಾಗುತ್ತೆ ಅಂತ ನೀವೇ ಊಹಿಸ್ರಿ.

ಭಾಗ 4

ಈ ಅಲೆಯನ್ನು ಪಳಗಿಸಿದ ಮನುಷ್ಯನ ಹೆಸರು ವಾಲ್ಟರ್ ಕಾಡೆನ್. ಪೂರ್ವ ಜರ್ಮನಿಯ ಚೋಪಾವ್ ಎಂಬ ಸಣ್ಣ ಊರು, ಎಂಜೆಡ್ ಎಂಬ ಕಾರ್ಖಾನೆ. ಯುದ್ಧದ ಮುಂಚೆ ಅದು ಡಿಕೆಡಬ್ಲ್ಯೂ ಕಂಪನಿಯದು. ಎರಡನೇ ಮಹಾಯುದ್ಧದ ಹೊತ್ತಿಗೆ ಕಾಡೆನ್ ಹಾರುವ ಬಾಂಬುಗಳ ಕೆಲಸದಲ್ಲಿದ್ದವನು. ಯುದ್ಧ ಮುಗಿದ ಮೇಲೆ, 1953ರಲ್ಲಿ, ಎಂಜೆಡ್‌ನ ರೇಸಿಂಗ್ ವಿಭಾಗ ಅವನ ಕೈಗೆ ಬಂತು. ದುಡ್ಡಿಲ್ಲ, ಒಳ್ಳೆಯ ಲೋಹ ಸಿಗುವುದಿಲ್ಲ, ವಿದೇಶಿ ಬಿಡಿಭಾಗ ತರಿಸುವಂತಿಲ್ಲ. ಇದ್ದದ್ದು ತಲೆ ಮತ್ತು ಒಂದು ಆಸಿಲೋಸ್ಕೋಪ್. ಪೈಪಿನೊಳಗಿನ ಒತ್ತಡವನ್ನು ಆ ಪರದೆಯ ಮೇಲೆ ಗೆರೆಯಾಗಿ ನೋಡುತ್ತಾ, ಪೈಪನ್ನು ಇಂಚಿಂಚು ತಿದ್ದುತ್ತಾ ಹೋದ.

1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಎಚ್‌ಪಿ ಕೊಡುತ್ತಿತ್ತು. ಲೀಟರಿಗೆ 200 ಎಚ್‌ಪಿ! ಅದೇ ವರ್ಷ ಮೈಸೂರಿನಿಂದ ಹೊರಬಂದ ಜಾವಾ, ಅದರ ಎರಡರಷ್ಟು ದೊಡ್ಡ ಎಂಜಿನ್ನಿನಿಂದ, ಕೊಡುತ್ತಿದ್ದದ್ದು 12. ರೇಸ್ ಗಾಡಿಯನ್ನೂ ರಸ್ತೆ ಗಾಡಿಯನ್ನೂ ಹೋಲಿಸಬಾರದು, ಒಪ್ಪುತ್ತೇನೆ. ಆದರೂ ಅಂತರ ನೋಡ್ರಿ.

ಆಮೇಲೆ ನಡೆದದ್ದು ಸಿನಿಮಾ. ಎಂಜೆಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ 125 ಸಿಸಿ ವಿಶ್ವ ಚಾಂಪಿಯನ್ ಆಗುವ ಹೊಸ್ತಿಲಲ್ಲಿದ್ದ. ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ರೇಸ್. ಎಂಜಿನ್ ಕೈಕೊಟ್ಟಿತು. ಅವನು ತಂಡದ ಜೊತೆ ಊರಿಗೆ ಮರಳಲಿಲ್ಲ, ಪಶ್ಚಿಮಕ್ಕೆ ಪರಾರಿಯಾದ. ಬರ್ಲಿನ್ ಗೋಡೆ ಎದ್ದು ತಿಂಗಳೊಂದಾಗಿತ್ತಷ್ಟೇ. ಅವನ ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಗಿತ್ತು. ಡೆಗ್ನರ್ ಹೋಗಿ ಸೇರಿದ್ದು ಜಪಾನಿನ ಸುಜುಕಿಯನ್ನು. ಮರುವರ್ಷವೇ, 1962ರಲ್ಲಿ, ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್. ಗೆದ್ದವನು ಡೆಗ್ನರ್.

ಕಾಡೆನ್ ಊರು ಬಿಡಲಿಲ್ಲ. ಚೋಪಾವ್‌ನಲ್ಲೇ ಉಳಿದ, ಕೆಲಸ ಮಾಡುತ್ತಲೇ ಹೋದ. ಅವನು ಪರದೆಯ ಮೇಲೆ ಕಂಡ ಗೆರೆ ಮಾತ್ರ ಜಪಾನಿನ ಕಾರ್ಖಾನೆಗಳಿಗೆಲ್ಲ ಹಬ್ಬಿತು. ಈ ಕಥೆಯಲ್ಲಿ ನನಗೆ ಡೆಗ್ನರ್‌ಗಿಂತ ಕಾಡೆನ್ ಬಗ್ಗೆಯೇ ಹೆಚ್ಚು ಯೋಚನೆ ಬರುತ್ತೆ. ಇರಲಿ.

ಭಾಗ 5

ಆ ಜಪಾನೀ ವಿದ್ಯೆ ನಮ್ಮ ಹಳ್ಳಿ ರಸ್ತೆಗೆ ಬಂದದ್ದು 1980ರ ದಶಕದಲ್ಲಿ.

ಅಷ್ಟೊತ್ತಿಗೆ ಮೈಸೂರಿನ ಗಾಡಿ ಹೆಸರು ಬದಲಿಸಿತ್ತು. 1973ರಿಂದ ಅದು ಯೆಜ್ಡಿ. 1978ರಲ್ಲಿ ರೋಡ್‌ಕಿಂಗ್ ಬಂತು, ಸುಮಾರು 16 ಎಚ್‌ಪಿ, ಆಗಲೂ ಎರಡು ಸೈಲೆನ್ಸರ್. ಆ ಕಾಲದ ನಿಜವಾದ ಟೂರಿಂಗ್ ಗಾಡಿ ಅದು. ಇಬ್ಬರು ಕೂತು, ಲಗೇಜು ಕಟ್ಟಿ, ಘಾಟು ಹತ್ತಿಸಬಹುದು. ಮಣ್ಣಿನ ರೇಸಿನವರು ಮಾತ್ರ ಆ ಎರಡು ಸೈಲೆನ್ಸರ್ ತೆಗೆದು ಹೊಟ್ಟೆ ಪೈಪು ಕಟ್ಟುತ್ತಿದ್ದರು.

1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾ ಆರ್‌ಡಿ350 ಗಾಡಿಯನ್ನು ರಾಜದೂತ್ 350 ಹೆಸರಿನಲ್ಲಿ ತಂದರು. ಅಸಲಿ ಜಪಾನೀ ಗಾಡಿ 39 ಎಚ್‌ಪಿಯದು. ಇಲ್ಲಿ ಮೈಲೇಜ್ ಸಲುವಾಗಿ ಅದರ ಕತ್ತು ಹಿಸುಕಿ 30.5ಕ್ಕೆ ಇಳಿಸಿದರು, ಮುಂದೆ ಇನ್ನೊಂದು ಮಾದರಿಯಲ್ಲಿ 27ಕ್ಕೆ. ಹಿಸುಕಿದ್ದು ಎಲ್ಲಿ? ಮುಖ್ಯವಾಗಿ ಹೊಗೆಯ ದಾರಿಯಲ್ಲೇ. ಮಿಸ್ತ್ರಿಗಳಿಗೆ ಇದು ಗೊತ್ತಾಗೋಕೆ ಎಷ್ಟೊತ್ತು ಬೇಕು? ಹಿಸುಕಿದ ಕತ್ತು ಬಿಡಿಸಿದರೆ ಪವರ್ ವಾಪಸ್. ಅದು ಸುಳ್ಳಲ್ಲ, ಕಣ್ಣೆದುರಿನ ಸತ್ಯ.

1984ರಲ್ಲಿ ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೊಸೂರಿನಿಂದ ಇಂಡ್-ಸುಜುಕಿ. 1985ರ ಕೊನೆಗೆ ಆರ್‌ಎಕ್ಸ್100. ಹೆಸರು ಕೇಳಿದ್ರ ಈಗಲೂ ನಮ್ಮ ಕಡೆ ಮಂದಿ ತಿರುಗಿ ನೋಡ್ತಾರ. 98 ಸಿಸಿಯಿಂದ 11 ಎಚ್‌ಪಿ. ಮೈಸೂರಿನ ಮೊದಲ ಜಾವಾಕ್ಕೆ 12 ಎಚ್‌ಪಿ ಕೊಡಲು 250 ಸಿಸಿ ಬೇಕಾಗಿತ್ತಲ್ಲ, ಅದಕ್ಕೆ ಹೋಲಿಸಿ. ಚೋಪಾವ್‌ನ ಆಸಿಲೋಸ್ಕೋಪಿನಿಂದ ಚಿಕ್ಕೋಡಿಯ ಸಂತೆಯವರೆಗೆ ಬಂದ ವಿದ್ಯೆ ಅದು. ಆರ್‌ಎಕ್ಸ್‌ನ ಆ ಉದ್ದ ಸೈಲೆನ್ಸರಿನ ಒಳಗೂ ಅಲೆ ತಿರುಗಿಸುವ ಲೆಕ್ಕ ಅಡಗಿದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಟು-ಸ್ಟ್ರೋಕ್ ಪೆಟ್ರೋಲಿಗೆ ಆಯಿಲ್ ಬೆರೆತು ಸುಡುತ್ತದೆ. ವರ್ಷ ಓಡಿದರೆ ಸೈಲೆನ್ಸರಿನೊಳಗೆ ಕರ್ರಗೆ ಕಾರ್ಬನ್ ಗಟ್ಟಿಯಾಗಿ ಕೂರುತ್ತದೆ. ದಾರಿ ಕಟ್ಟಿ ಗಾಡಿ ಏರಿ ಹತ್ತುವುದಿಲ್ಲ, ಎಂಜಿನ್ ಕಾಯುತ್ತದೆ, ಪಿಕಪ್ ಸಾಯುತ್ತದೆ. ಮಿಸ್ತ್ರಿ ಸೈಲೆನ್ಸರ್ ಬಿಚ್ಚಿ, ಒಳಗಿನ ಜಾಲರಿ ಕೊಳವೆ ಜಗ್ಗಿ, ಬೆಂಕಿ ಹಚ್ಚಿ ಸುಟ್ಟು ಅಥವಾ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ಬಡಿದು ಮತ್ತೆ ಹಾಕುತ್ತಿದ್ದ. ಗಾಡಿ ಹೊಸದರಂತೆ ಓಡುತ್ತಿತ್ತು, ತಂಪೂ ಆಗುತ್ತಿತ್ತು.

ಈಗ ಗೊತ್ತಾಯ್ತಲ್ಲ? "ಸೈಲೆನ್ಸರ್ ಖುಲ್ಲಾ ಮಾಡಿದ್ರ ಪವರ್ ಬರ್ತೈತಿ, ಬಿಸಿ ಕಡಿಮಿ ಆಗ್ತೈತಿ" ಅನ್ನೋ ಮಾತು ಹುಟ್ಟಿದ್ದು ಇಲ್ಲೇ. ನಮ್ಮ ಅಪ್ಪ, ಕಾಕಾಗಳ ಕಾಲದಾಗ. ಅವರು ಸುಳ್ಳು ಹೇಳಲಿಲ್ಲ. ಅವರ ಗಾಡಿ ಬೇರೆ ಇತ್ತು.

ಭಾಗ 6

ಚಿಕ್ಕ ಭಾಗ, ಅಂಕಿಗಳು ಜಾಸ್ತಿ.

1991ರಲ್ಲಿ ಭಾರತದಲ್ಲಿ ಗಾಡಿಗಳ ಹೊಗೆಗೆ ಕಿಲೋಮೀಟರ್ ಲೆಕ್ಕದ ಮಿತಿ ಬಂತು. ದ್ವಿಚಕ್ರ ವಾಹನ ಕಿಲೋಮೀಟರಿಗೆ 12ರಿಂದ 30 ಗ್ರಾಂ ಕಾರ್ಬನ್ ಮೊನಾಕ್ಸೈಡ್ ಬಿಡಬಹುದಿತ್ತು. ಕಿಲೋಮೀಟರಿಗೆ! 1996ರ ಏಪ್ರಿಲ್‌ನಿಂದ ಅದು 4.5 ಗ್ರಾಂ. 2000ದಲ್ಲಿ 2 ಗ್ರಾಂ. 2020ರ ಏಪ್ರಿಲ್ 1ರಿಂದ, ಬಿಎಸ್6ರಲ್ಲಿ, 1 ಗ್ರಾಂ. ಸುಡದ ಪೆಟ್ರೋಲಿನ ಆವಿಗೆ 0.1 ಗ್ರಾಂ, ನೈಟ್ರೋಜನ್ ಆಕ್ಸೈಡ್‌ಗೆ 0.06 ಗ್ರಾಂ.

1996 ಎಂಬ ವರ್ಷವನ್ನು ನೋಡಿ. ಮಾರ್ಚ್‌ನಲ್ಲಿ ಆರ್‌ಎಕ್ಸ್100 ನಿಂತಿತು. ಅದೇ ವರ್ಷ ಮೈಸೂರಿನ ಕಾರ್ಖಾನೆಯೂ ಮುಚ್ಚಿತು. ಯೆಜ್ಡಿಯನ್ನು ಕೊಂದದ್ದು ಹೊಗೆಯ ನಿಯಮ ಒಂದೇ ಅಂತ ನಾನು ಹೇಳೋದಿಲ್ಲ. 1985ರಲ್ಲಿ ಬಂದ ಹೀರೊ ಹೊಂಡಾ ಸಿಡಿ100, ಫೋರ್-ಸ್ಟ್ರೋಕ್, ಮೈಲೇಜಿನ ಹೊಸ ರುಚಿ ಹಚ್ಚಿಬಿಟ್ಟಿತ್ತು. ಲೀಟರಿಗೆ ಅದರ ಅರ್ಧವೂ ಓಡದ 250 ಸಿಸಿ ಟು-ಸ್ಟ್ರೋಕನ್ನು ಕೇಳೋರು ಕಡಿಮೆಯಾಗಿದ್ದರು. ಆದರೆ ಸುಡದ ಪೆಟ್ರೋಲನ್ನು ಪೈಪಿಗೆ ಬಿಡುವ ಎಂಜಿನ್‌ಗೆ ಮುಂದೆ ದಾರಿಯೇ ಇರಲಿಲ್ಲ. ಮೂರೂವರೆ ದಶಕ ಸಾವಿರಾರು ಮನೆಗೆ ಅನ್ನ ಕೊಟ್ಟ ಗೇಟು ಮುಚ್ಚಿತು.

2000ದ ಫೆಬ್ರುವರಿಯಿಂದ ದೇಶದ ಎಲ್ಲ ಬಂಕುಗಳಲ್ಲೂ ಸೀಸ ಇಲ್ಲದ ಪೆಟ್ರೋಲ್. ಇದು ಯಾಕೆ ಮುಖ್ಯ ಅಂದರೆ, ಸೀಸ ಇದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಸಾಯುತ್ತದೆ. ಸೀಸ ಹೋದ ಮೇಲೆ ಆ ವಸ್ತು ಸೈಲೆನ್ಸರಿನೊಳಗೆ ಬಂದು ಕೂತಿತು. ಗ್ಯಾರೇಜಿನ ಭಾಷೆಯಲ್ಲಿ ಕ್ಯಾಟ್-ಕಾನ್.

ಭಾಗ 7

ಈಗ ನಿಮ್ಮ ಗಾಡಿಗೆ ಬರೋಣ. ಹಿಮಾಲಯನ್ ಇರಲಿ, 390 ಅಡ್ವೆಂಚರ್ ಇರಲಿ, ಹೊಸ ಯೆಜ್ಡಿ ಇರಲಿ: ಎಲ್ಲವೂ ಫೋರ್-ಸ್ಟ್ರೋಕ್. ಹೊಗೆಗೆ ಬೇರೆ ವಾಲ್ವ್, ಹೊಸ ಮಿಶ್ರಣಕ್ಕೆ ಬೇರೆ ವಾಲ್ವ್. ಎರಡೂ ಒಟ್ಟಿಗೆ ತೆರೆದಿರುವುದು ಬಹಳ ಸ್ವಲ್ಪ ಹೊತ್ತು. ಅಲೆಯ ಆಟ ಇಲ್ಲೂ ಇದೆ, ಆದರೆ ಟು-ಸ್ಟ್ರೋಕ್‌ನಷ್ಟು ದೊಡ್ಡದಲ್ಲ. ಪೈಪಿಗೆ ಆಯಿಲ್ ಸುಟ್ಟ ಕಾರ್ಬನ್ ಬಂದು ಕಟ್ಟುವುದೂ ಇಲ್ಲ. ಕಾಕಾನ ಆರ್‌ಎಕ್ಸ್‌ನಲ್ಲಿ ಬಿಡಿಸಬೇಕಾಗಿದ್ದ ಕಟ್ಟು ಇಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಬಿಸಿ ಎಲ್ಲಿಂದ? ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹೊಗೆಯ ಜೊತೆ ಪೈಪಿನಲ್ಲೇ ಹೊರಗೆ ಹೋಗುತ್ತದೆ. ಇದು ಯಾವ ಕಾಲಕ್ಕೂ ಇತ್ತು. ಹೊಸದಾಗಿ ಎರಡು ಸಂಗತಿ ಸೇರಿವೆ.

ಮೊದಲನೆಯದು ಮಿಶ್ರಣ. ಕಾರ್ಬುರೇಟರ್ ಕಾಲದ ಗಾಡಿ ಬೇಕಾದ್ದಕ್ಕಿಂತ ಚೂರು ಹೆಚ್ಚೇ ಪೆಟ್ರೋಲ್ ಕುಡಿಯುತ್ತಿತ್ತು. ಆ ಹೆಚ್ಚಿನ ಪೆಟ್ರೋಲ್ ಆವಿಯಾಗುವಾಗ ಎಂಜಿನ್ನಿನ ಬಿಸಿಯನ್ನೂ ಒಂದಿಷ್ಟು ಹೀರುತ್ತಿತ್ತು. ಕುಡುಕನೇ, ಆದರೆ ತಂಪು ಸ್ವಭಾವದ ಕುಡುಕ. ಈಗ ಪೈಪಿನ ಬಾಯಲ್ಲೇ ಆಕ್ಸಿಜನ್ ಸೆನ್ಸರ್ ಕೂತು ಕಾವಲು ಕಾಯುತ್ತದೆ. 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕ ತಪ್ಪಿದರೆ ಇಸಿಯುಗೆ ಚಾಡಿ ಹೇಳುತ್ತದೆ, ಇಸಿಯು ಕೂಡಲೇ ಸರಿಮಾಡುತ್ತದೆ. ಈ ಲೆಕ್ಕದಲ್ಲಿ ಹೊಗೆ ಹೆಚ್ಚು ಬಿಸಿ.

ಎರಡನೆಯದು ಕ್ಯಾಟ್-ಕಾನ್. ಜೇನುಗೂಡಿನಂಥ ಅದರ ಕಿಂಡಿಗಳಿಗೆ ಪ್ಲಾಟಿನಂ ಜಾತಿಯ ಲೋಹ ಸವರಿರುತ್ತಾರೆ. ಅದು ಕೆಲಸ ಶುರು ಮಾಡಬೇಕಾದರೇ 250ರಿಂದ 300 ಡಿಗ್ರಿ ಕಾಯಬೇಕು. ಆದಷ್ಟು ಬೇಗ ಕಾಯಲಿ ಅಂತ ಎಂಜಿನ್ನಿನ ಹತ್ತಿರವೇ ಇಡುತ್ತಾರೆ. ಉಳಿದ ವಿಷವನ್ನು ಅದರೊಳಗೇ ಸುಡುವುದರಿಂದ ಮತ್ತಷ್ಟು ಬಿಸಿ. ನಿಮ್ಮ ಬಲಗಾಲಿನ ಮಗ್ಗುಲಲ್ಲಿ ಕೂತದ್ದು ಇದೇ ಒಲೆ.

ಇದನ್ನು ಗೊತ್ತುಮಾಡಿಕೊಂಡರೆ ಅಂಗಡಿಯಲ್ಲಿ ಮಾರುವ ಮಾಲಿನ ಗುಣ ತಾನಾಗಿ ಗೊತ್ತಾಗುತ್ತದೆ. ಹೆಚ್ಚಿನವರು ಹಾಕಿಸುವುದು ಸ್ಲಿಪ್-ಆನ್: ಹಿಂದಿನ ಡಬ್ಬಿ ಮಾತ್ರ ಬದಲು. ಮುಂದಿನ ಬೆಂಡ್ ಪೈಪು ಅದೇ, ಅನೇಕ ಗಾಡಿಗಳಲ್ಲಿ ಕ್ಯಾಟ್-ಕಾನ್ ಇರುವುದೂ ಅಲ್ಲೇ. ಅಂದಮೇಲೆ ಕಾಲಿನ ಹತ್ತಿರದ ಬಿಸಿ ಹೇಗೆ ಕಡಿಮೆಯಾಗಬೇಕು? ಆಗುವುದಿಲ್ಲ. ಗಾಡಿಯ ತೂಕ ಕೆಲವು ಕಿಲೋ ಇಳಿಯುತ್ತೆ, ಅದು ಖರೆ. ದನಿ ಬದಲಾಗುತ್ತೆ. ಪವರ್ ಕೈಗೆ ತಿಳಿಯುವಷ್ಟು ಏರುವುದಿಲ್ಲ. ಸಪ್ಪಳ ಹೆಚ್ಚಾದಾಗ ಗಾಡಿ ಜೋರಾಗಿ ಓಡಿದಂತೆ ಮನಸ್ಸಿಗೆ ಅನ್ನಿಸುವುದು ಬೇರೆ ವಿಷಯ.

ಭಾಗ 8

"ಹಂಗಾದ್ರ ಕ್ಯಾಟ್-ಕಾನ್ ತೆಗೆದು ಫುಲ್ ಸಿಸ್ಟಮ್ ಹಾಕ್ಸಿದ್ರ?" ಹಿಂದಿನ ಭಾಗಕ್ಕೆ ಇದೇ ಪ್ರಶ್ನೆ ಬಹಳ ಬಂತು.

ಒಲೆ ತೆಗೆದರೆ ಆ ಜಾಗದ ಬಿಸಿ ಕಡಿಮೆಯಾಗುತ್ತದೆ, ಹೌದು. ಪವರ್ ಕೂಡ ಒಂದಿಷ್ಟು ಏರಬಹುದು, ಆದರೆ ಪೆಟ್ರೋಲಿನ ಲೆಕ್ಕವನ್ನು ಹೊಸ ಪೈಪಿಗೆ ತಕ್ಕಂತೆ ಮರುಹೊಂದಿಸಿದರೆ ಮಾತ್ರ. ಇದು ಗಾಳಿಮಾತಿನ ಕೆಲಸವಲ್ಲ, ನಮ್ಮ ರಾಜ್ಯದಲ್ಲೇ ಇದನ್ನು ಕಸುಬಾಗಿ ಮಾಡುವವರಿದ್ದಾರೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರು ಕಂಪನಿ ಇಸಿಯು ಜೊತೆಗೆ ಸೇರಿಸುವ ಪವರ್‌ಟ್ರಾನಿಕ್ ಎಂಬ ಪೆಟ್ಟಿಗೆ ಮಾಡುತ್ತಾರೆ. ರೇಸ್ ಟ್ರ್ಯಾಕಿಗೆ ಗಾಡಿ ತಯಾರು ಮಾಡುವವರು ಡೈನೊ ಯಂತ್ರದ ಮೇಲೆ ಗಾಡಿ ಓಡಿಸಿ, ಪ್ರತಿ ಆರ್‌ಪಿಎಂಗೂ ಎಷ್ಟು ಪೆಟ್ರೋಲ್ ಬೇಕು ಅಂತ ಅಳೆದು ಬರೆಯುತ್ತಾರೆ. ಕಾಡೆನ್ ಮಾಡಿದ ಕೆಲಸವೇ, ಪರದೆ ಬದಲಾಗಿದೆ ಅಷ್ಟೇ.

ಅಳತೆ ಇಲ್ಲದೆ ಬರೀ ಪೈಪು ಖುಲ್ಲಾ ಮಾಡಿದರೆ ಉಲ್ಟಾ ಆಗುವ ಅಪಾಯವಿದೆ. ಸಮ ವೇಗದಲ್ಲಿ ಸೆನ್ಸರ್ ಸರಿದೂಗಿಸುತ್ತದೆ. ಆದರೆ ಪೂರ್ತಿ ಥ್ರಾಟಲ್ ತಿರುವಿದಾಗ ಇಸಿಯು ಸೆನ್ಸರ್ ಮಾತು ಕೇಳದೆ ಮೊದಲೇ ಬರೆದಿಟ್ಟ ಪಟ್ಟಿಯಂತೆ ಪೆಟ್ರೋಲ್ ಬಿಡುತ್ತದೆ. ಆ ಪಟ್ಟಿ ಹಳೇ ಪೈಪಿಗೆ ಬರೆದದ್ದು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ. ತಂಪಿಗಂತ ಹಾಕಿಸಿದ್ದು ಕಾವು ಏರಿಸಿತು. 2025ರ ಏಪ್ರಿಲ್‌ನಿಂದ ಬರುವ ಹೊಸ ಗಾಡಿಗಳಲ್ಲಂತೂ ಕ್ಯಾಟ್-ಕಾನ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಗಾಡಿಯೇ ಪರೀಕ್ಷಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಮೀಟರಿನಲ್ಲಿ ದೀಪ ಹತ್ತುತ್ತದೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. 190(2)ನೇ ಕಲಂ ಶಬ್ದ ಮತ್ತು ಹೊಗೆಯದು: 2019ರ ತಿದ್ದುಪಡಿಯ ನಂತರ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ. ತಯಾರಿಕೆಯ ಹಂತದಲ್ಲಿ 175 ಸಿಸಿ ಮೇಲಿನ ಬೈಕಿಗೆ ಶಬ್ದದ ಮಿತಿ 80 ಡೆಸಿಬಲ್, 80ರಿಂದ 175 ಸಿಸಿಗೆ 77. ಮೂರೇ ಡೆಸಿಬಲ್ ಫರಕ ಅಂತ ತಿಳೀಬ್ಯಾಡ್ರಿ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ದುಪ್ಪಟ್ಟು. ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಹಾಯುವ ಖುಲ್ಲಾ ಪೈಪು ಕೂಸು ಎಬ್ಬಿಸುತ್ತೆ, ಹಾಸಿಗೆ ಹಿಡಿದ ಅಜ್ಜನ ಎದೆ ನಡುಗಿಸುತ್ತೆ. ಅದಕ್ಕೆ ಕಲಂ ಬೇಕಾಗಿಲ್ಲ.

ಭಾಗ 9, ಕೊನೆಯದು

ಬಿಸಿ ಕಡಿಮೆ ಮಾಡೋಕೆ ಏನೂ ದಾರಿ ಇಲ್ಲವೇ? ಇದೆ, ಆದರೆ ಅದರಲ್ಲಿ ಸಪ್ಪಳವಿಲ್ಲ, ಹಾಗಾಗಿ ರೀಲ್ಸ್‌ನಲ್ಲಿ ಬರುವುದಿಲ್ಲ.

ಬೆಂಡ್ ಪೈಪಿನ ಮೇಲೆ ಒಂದು ತಗಡಿನ ಕವಚ, ನಡುವೆ ಬೆರಳಗಲ ಗಾಳಿ: ಕಾಲಿಗೆ ತಾಗುವ ಬಿಸಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಅನೇಕ ಟೂರಿಂಗ್ ಗಾಡಿಗೆ ಕಂಪನಿಯವರೇ ಕೊಟ್ಟಿರುತ್ತಾರೆ. ಸ್ಟೈಲಿಗಂತ ಬಿಚ್ಚಿ ಮನೆಯಲ್ಲಿಟ್ಟವರು ಮತ್ತೆ ಹಾಕಿಕೊಳ್ಳಿ. ಪೈಪಿಗೆ ಸುತ್ತುವ ಪಟ್ಟಿ ಮಾರುತ್ತಾರೆ. ಕಾಲಿಗೆ ತಂಪು, ನಿಜ. ಆದರೆ ಅದು ಬಿಸಿಯನ್ನು ಪೈಪಿನೊಳಗೇ ಕೂಡಿಹಾಕುತ್ತದೆ, ಅಂಬೋಲಿಯ ಮಳೆಯಲ್ಲಿ ನೀರು ಹಿಡಿದು ಕೂರುತ್ತದೆ, ಒಳಗಿಂದೊಳಗೆ ಪೈಪು ಜಂಗು ತಿನ್ನುತ್ತದೆ. ಪೈಪಿಗೆ ಸಿರಾಮಿಕ್ ಲೇಪ ಮಾಡಿಸುವುದು ಒಳ್ಳೆಯದು, ದುಬಾರಿ. ಲಿಕ್ವಿಡ್ ಕೂಲ್ ಗಾಡಿಯಾದರೆ ಕೂಲಂಟ್ ಮಟ್ಟ ನೋಡಿ, ರೇಡಿಯೇಟರಿನ ಸಂದಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಓಡಿದ ಧೂಳು, ರವದಿ ಚೂರು ತುಂಬಿದೆಯಾ ನೋಡಿ. ಸೀಸನ್ ಮುಗಿದ ಮೇಲೆ ಮೆತ್ತಗೆ ನೀರು ಬಿಟ್ಟು ತೊಳೀರಿ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸ್ರಿ. ಚೈನ್ ಬಿಗಿ, ಟೈರಿನ ಗಾಳಿ ಸರಿ ಇದ್ದರೆ ಎಂಜಿನ್ ಅಷ್ಟು ಕಡಿಮೆ ದುಡಿಯುತ್ತದೆ, ಅಷ್ಟು ಕಡಿಮೆ ಕಾಯುತ್ತದೆ.

ಇನ್ನು ಆ ಎರಡು ಸೈಲೆನ್ಸರಿನ ಕಥೆ ಒಂದು ಉಳಿದಿದೆ.

2018ರ ನವೆಂಬರ್‌ನಲ್ಲಿ ಜಾವಾ ಹೆಸರು ಮತ್ತೆ ಬಂತು. ಈ ಸಲ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. 293 ಸಿಸಿ, ಲಿಕ್ವಿಡ್ ಕೂಲ್, ಫೋರ್-ಸ್ಟ್ರೋಕ್, 27 ಎಚ್‌ಪಿ. ವಾಲ್ವ್ ಇರುವ ಈ ಎಂಜಿನ್‌ನಲ್ಲಿ ರಿಂಗ್ ಮುರಿಯುವ ಕಿಟಕಿಯ ಸಮಸ್ಯೆ ಇಲ್ಲ. ಒಂದು ಸಿಲಿಂಡರಿಗೆ ಒಂದು ಸೈಲೆನ್ಸರ್ ಸಾಕು. ಆದರೆ ಎರಡು ಸೈಲೆನ್ಸರ್ ಇಲ್ಲದ ಜಾವಾವನ್ನು ಜನ ಜಾವಾ ಅನ್ನುತ್ತಾರೆಯೇ? ಕೊಟ್ಟರು, ಎಡಕ್ಕೊಂದು ಬಲಕ್ಕೊಂದು. 2020ರಲ್ಲಿ ಬಿಎಸ್6 ಬಂದಾಗ ಪೇಚಾಟ ಶುರುವಾಯಿತು: ಎರಡು ಪೈಪಿನಲ್ಲಿ ಹೊಗೆಯನ್ನು ಹಂಚಿ, ಕ್ಯಾಟ್-ಕಾನ್‌ಗೆ ಬೇಕಾದ ಬಿಸಿಯನ್ನೂ ಉಳಿಸಿಕೊಳ್ಳಬೇಕು. ಹೊಗೆಯ ದಾರಿಯನ್ನೇ ಹೊಸದಾಗಿ ಎಳೆದು, ಕ್ರಾಸ್ ಪೋರ್ಟ್ ಎಂದು ಹೆಸರಿಟ್ಟು, ಎರಡು ಸೈಲೆನ್ಸರ್ ಉಳಿಸಿಕೊಂಡರು.

1961ರಲ್ಲಿ ಎಂಜಿನ್ನಿನ ಸಲುವಾಗಿ ಎರಡು ಪೈಪು. 2020ರಲ್ಲಿ ಎರಡು ಪೈಪಿನ ಸಲುವಾಗಿ ಎಂಜಿನ್.

ಮನೆಯಲ್ಲಿ ಹಳೇ ಜಾವಾ, ಯೆಜ್ಡಿ, ಆರ್‌ಎಕ್ಸ್ ಇದ್ದವರು ಸೈಲೆನ್ಸರಿನ ಫೋಟೊ ಹಾಕ್ರಿ. ನಂಬರ್ ಪ್ಲೇಟ್ ಮುಚ್ಚಿ ಹಾಕ್ರಿ ಮತ್ತ.

#ಮೈಸೂರುಜಾವಾ #ಯೆಜ್ಡಿ #ಆರ್‌ಎಕ್ಸ್100 #ಕಬ್ಬೂರ #ಚಿಕ್ಕೋಡಿ #ಬೈಕ್‌ಇತಿಹಾಸ